ಆಟಿಸಂ ಇರುವ ಮಗನ ಜೊತೆ ಡಿಸ್ನಿ ವರ್ಲ್ಡ್: ಗದ್ದಲ ಇಲ್ಲದೆ ಊಟಕ್ಕೆ ಎಲ್ಲಿ ಕೂರಬಹುದು?

ಹಾಸನದ ಸೊಸೆ, ಶಾರ್ಲೆಟ್:

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ನಾವು ಒರ್ಲ್ಯಾಂಡೊಗೆ ಹೊರಟಿದ್ದೇವೆ. ನಾನು, ನಮ್ಮವರು, 7 ವರ್ಷದ ಮಗ, ಜೊತೆಗೆ ಹಾಸನದಿಂದ ಬಂದಿರುವ ಅತ್ತೆ ಮಾವ. ಮಗನಿಗೆ ಆಟಿಸಂ ಇದೆ. ಬಾಯಿಮಾತು ಕಡಿಮೆ. ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಬೇಕು ಬೇಡ ಹೇಳುತ್ತಾನೆ. ರೈಡ್‌ಗಳ ಬಗ್ಗೆ ನನಗೆ ಅಷ್ಟು ಯೋಚನೆ ಇಲ್ಲ. ರೈಲು, ದೋಣಿ ಅಂದರೆ ಅವನಿಗೆ ಪ್ರಾಣ. ಯೋಚನೆ ಇರುವುದೆಲ್ಲ ಊಟದ್ದು.

ಅವನಿಗೆ ಜನರನ್ನು ಕಂಡರೆ ಭಯ ಇಲ್ಲ, ಸದ್ದು ತಡೆಯುವುದಕ್ಕೆ ಆಗುವುದಿಲ್ಲ. ಕುರ್ಚಿ ಎಳೆಯುವುದು, ಟ್ರೇ ಕುಕ್ಕುವುದು, ಯಾವುದೋ ಮಗುವಿನ ಅಳು, ಇವೆಲ್ಲ ಒಟ್ಟಿಗೆ ಸೇರಿದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋಗಿಬಿಡುತ್ತಾನೆ. ಬೆನ್ನ ಹಿಂದೆ ಯಾರಾದರೂ ಓಡಾಡುತ್ತಿದ್ದರೆ ತುತ್ತು ಒಳಗೆ ಇಳಿಯುವುದಿಲ್ಲ. ತಿನ್ನುವುದೂ ಬೆರಳೆಣಿಕೆಯ ಪದಾರ್ಥ. ಮೊಸರನ್ನ, ಸಿಪ್ಪೆ ತೆಗೆದ ಸೇಬು, ಉದ್ದುದ್ದ ಫ್ರೆಂಚ್ ಫ್ರೈಸ್. ಫ್ರೈಸ್ ಮುರಿದಿದ್ದರೆ ಮುಟ್ಟುವುದಿಲ್ಲ. ಅತ್ತೆ ಮಾವ ಮೊಟ್ಟೆಯನ್ನೂ ತಿನ್ನದವರು.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಎಲ್ಲಿ ಯಾವ ತಿಂಡಿ ರುಚಿ ಅಂತ ರಾಶಿ ರಾಶಿ ಸಿಗುತ್ತದೆ. ಕೂರುವ ಜಾಗ ಹೇಗಿದೆ, ಸದ್ದು ಎಷ್ಟು, ಮೂಲೆ ಸಿಗುತ್ತದಾ, ಬೇಗ ಎದ್ದು ಹೊರಗೆ ಬರಬಹುದಾ ಅಂತ ಯಾರೂ ಬರೆದಿಲ್ಲ. ಡಿಸ್ನಿ ವರ್ಲ್ಡ್‌ನ ಪಾರ್ಕ್‌ಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಅನಿಮಲ್ ಕಿಂಗ್‌ಡಮ್ ಮೂರಕ್ಕೂ ಹೋಗುವ ಆಸೆ ಇದೆ. ಇಂಥ ಮಕ್ಕಳ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ.

ಟ್ಯಾಂಪಾ ಅಮ್ಮ:

ನಿಮ್ಮ ಪ್ರಶ್ನೆ ಓದಿ ಉತ್ತರ ಬರೆಯದೆ ಇರಲು ಆಗಲಿಲ್ಲ. ನನ್ನ ಮಗಳಿಗೆ ಈಗ 12. ಅವಳಿಗೂ ಆಟಿಸಂ. ನಾವು ಹತ್ತಿರದಲ್ಲೇ ಇರುವುದರಿಂದ ವರ್ಷದ ಪಾಸ್ ಇಟ್ಟುಕೊಂಡಿದ್ದೇವೆ. ಅರ್ಧ ದಿನ ಹೋಗಿ, ಒಂದು ಊಟ ಮಾಡಿ, ಎರಡು ರೈಡ್ ಹತ್ತಿ ವಾಪಸ್ ಬರುವುದು ನಮ್ಮ ಪದ್ಧತಿ. ಹಾಗಾಗಿ ಅಲ್ಲಿನ ಮೇಜು ಕುರ್ಚಿಗಳು ನನಗೆ ಚೆನ್ನಾಗಿ ಗೊತ್ತು.

ಮೊದಲು ಗಂಟೆ ನೋಡಿ, ಆಮೇಲೆ ಕೋಣೆ ನೋಡಿ, ಕೊನೆಗೆ ಮೆನು ನೋಡಿ. ಎಲ್ಲರೂ ಇದನ್ನು ತಿರುಗಿಸಿ ಮಾಡುತ್ತಾರೆ. ಎಷ್ಟೇ ಶಾಂತವಾದ ಜಾಗ ಆದರೂ 12ರಿಂದ ಸುಮಾರು 2ರವರೆಗೆ ಸಂತೆಯೇ. ಅದೇ ಜಾಗದಲ್ಲಿ ಬಾಗಿಲು ತೆರೆದ ಕೂಡಲೇ ಅಥವಾ ಮಧ್ಯಾಹ್ನ ಮೂರರ ಹೊತ್ತಿಗೆ ಮೇಜುಗಳು ಖಾಲಿ ಇರುತ್ತವೆ. ಮಗನಿಗೆ ಊಟದ ಹೊತ್ತು ಕಟ್ಟುನಿಟ್ಟಾಗಿದ್ದರೆ ತೆರೆದ ಕೂಡಲೇ ಊಟ ಮುಗಿಸಿಬಿಡಿ, ನಡುವೆ ಸೇಬು ಕೊಡಿ. ರಾತ್ರಿ ಊಟವೂ ಅಷ್ಟೇ, ನಾಲ್ಕೂವರೆಗೆ ಕೂತರೆ ಆರಾಮ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನನ್ನ ಮೊದಲ ಆಯ್ಕೆ ಕೊಲಂಬಿಯಾ ಹಾರ್ಬರ್ ಹೌಸ್, ಅದರಲ್ಲೂ ಅದರ ಮಹಡಿ. ಕೆಳಗೆ ಆರ್ಡರ್ ಕೌಂಟರ್ ಇರುವುದರಿಂದ ಜನ ಅಲ್ಲೇ ಕೂತುಬಿಡುತ್ತಾರೆ. ಮೇಲೆ ಸಣ್ಣ ಸಣ್ಣ ಕೋಣೆಗಳಿವೆ. ಒಂದು ಕೋಣೆ ಲಿಬರ್ಟಿ ಸ್ಕ್ವೇರ್‌ನಿಂದ ಫ್ಯಾಂಟಸಿಲ್ಯಾಂಡ್‌ಗೆ ಹೋಗುವ ದಾರಿಯ ಮೇಲೇ ಸೇತುವೆ ಥರ ಇದೆ. ಕಿಟಕಿ ಪಕ್ಕ ಕೂತರೆ ಕೆಳಗೆ ಜನ ಹೋಗುವುದು ಕಾಣುತ್ತದೆ, ಅವರ ಗಲಾಟೆ ಅಷ್ಟಾಗಿ ಮುಟ್ಟುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ಮಗನನ್ನು ಕೂರಿಸಿ, ಎದುರು ನೀವು ಕೂತುಕೊಳ್ಳಿ. ಬೆನ್ನ ಹಿಂದೆ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮೇಲೆ ನನ್ನ ಮಗಳು ತಾನಾಗಿ ತಟ್ಟೆ ಎಳೆದುಕೊಳ್ಳುತ್ತಾಳೆ. ಒಂದು ಮಾತು, ಅದು ಮೀನು ಸೀಗಡಿಯ ಜಾಗ, ವಾಸನೆ ಇರುತ್ತದೆ. ಅತ್ತೆಗೆ ಮೊದಲೇ ಹೇಳಿಬಿಡಿ. ಮಾಂಸ ಹಾಕದ ಐಟಂ ಒಂದಾದರೂ ಇರುತ್ತದೆ. ಫ್ರೈಸ್ ಯಾವ ಎಣ್ಣೆಯಲ್ಲಿ ಕರಿಯುತ್ತಾರೆ ಅಂತ ಕೌಂಟರ್‌ನಲ್ಲಿ ಕೇಳಿ, ಬೇಸರ ಇಲ್ಲದೆ ಹೇಳುತ್ತಾರೆ.

ಬಡಿಸುವವರು ಇರುವ ಜಾಗ ಬೇಕು ಅಂದರೆ ಅಡ್ವೆಂಚರ್‌ಲ್ಯಾಂಡ್‌ನ ಸ್ಕಿಪ್ಪರ್ ಕ್ಯಾಂಟೀನ್. ದೊಡ್ಡ ಹಾಲ್ ಒಂದಿದೆ, ಅಲ್ಲಿ ಬೇಡ. ಪುಸ್ತಕದ ಕಪಾಟಿನ ಹಿಂದೆ ಮರೆಯಾಗಿ ಒಂದು ಸಣ್ಣ ಕೋಣೆ ಇದೆ. ಬಾಗಿಲಲ್ಲೇ "ಮಗನಿಗೆ ಆಟಿಸಂ ಇದೆ, ಸಣ್ಣ ಕೋಣೆ ಕೊಡಿ, ಕಾಯುತ್ತೇವೆ" ಅಂತ ಹೇಳಿ. ಬಡಿಸುವವರು ಮಾತು ಮಾತಿಗೂ ಜೋಕ್ ಹೇಳುತ್ತಾರೆ, ಅದು ಆ ಜಾಗದ ಶೈಲಿ. ಬೇಡ ಅಂದರೆ ನಿಲ್ಲಿಸುತ್ತಾರೆ.

ಕಾಸ್ಮಿಕ್ ರೇಸ್ ಕೆಫೆ ಬೇಡವೇ ಬೇಡ ಅಂತ ಹೇಳುವುದಿಲ್ಲ. ಆದರೆ ಅಲ್ಲಿ ಕೀಬೋರ್ಡ್ ನುಡಿಸಿ ಹಾಡುವ ಅನ್ಯಗ್ರಹದ ಬೊಂಬೆ ಇದೆ, ಹಾಲ್ ದೊಡ್ಡದು. ನಿಮ್ಮ ಮಗನಿಗೆ ಸರಿಹೋಗಲಿಕ್ಕಿಲ್ಲ.

ಇನ್ನೊಂದು ವಿಷಯ. ರೈಲು ಇಷ್ಟ ಅಂದಿರಿ ಅಲ್ವಾ? ಮಧ್ಯಾಹ್ನ ಪಾರ್ಕ್ ತುಂಬಿ ತುಳುಕುವಾಗ ಮಾನೊರೈಲ್ ಹತ್ತಿಸಿ. ಕಾಂಟೆಂಪರರಿ, ಪಾಲಿನೇಶಿಯನ್, ಗ್ರ್ಯಾಂಡ್ ಫ್ಲೊರಿಡಿಯನ್, ಈ ಮೂರು ಹೋಟೆಲ್‌ಗಳ ಹತ್ತಿರ ನಿಲ್ಲುತ್ತದೆ. ಅಲ್ಲಿ ತಂಗಿರುವವರೆಲ್ಲ ಆ ಹೊತ್ತಿಗೆ ಪಾರ್ಕ್‌ನಲ್ಲಿರುತ್ತಾರೆ. ಹೋಟೆಲ್‌ನಲ್ಲಿ ಕೂತು ತಿಂದು ಅದೇ ಟಿಕೆಟ್‌ನಲ್ಲಿ ವಾಪಸ್ ಪಾರ್ಕ್ ಒಳಗೆ ಹೋಗಬಹುದು. ಮಗನಿಗೆ ಊಟದ ಹೆಸರಿನಲ್ಲಿ ಎರಡು ಸಲ ರೈಲು ಪ್ರಯಾಣ.

ಮೊಸರನ್ನ ಮನೆಯಿಂದ ಒಯ್ಯಿರಿ. ಧೈರ್ಯವಾಗಿ ಒಯ್ಯಿರಿ. ಸ್ವಂತಕ್ಕೆ ತಿನ್ನುವ ಊಟ ತರಲು ಡಿಸ್ನಿಯವರು ಬಿಡುತ್ತಾರೆ. ಗಾಜಿನ ಡಬ್ಬಿ ಆಗುವುದಿಲ್ಲ, ಬಿಡಿ ಐಸ್ ಆಗುವುದಿಲ್ಲ. ಸ್ಟೀಲ್ ಡಬ್ಬಿ, ಪಕ್ಕದಲ್ಲಿ ಜೆಲ್ ಐಸ್ ಪ್ಯಾಕ್ ಇಟ್ಟರೆ ಮೊಸರು ಹುಳಿಯಾಗುವುದಿಲ್ಲ. ಅನ್ನಕ್ಕೆ ಹಾಲು ಜಾಸ್ತಿ, ಹೆಪ್ಪು ಸ್ವಲ್ಪ ಹಾಕಿ ಬೆಳಿಗ್ಗೆ ಕಲಸಿದರೆ ಮಧ್ಯಾಹ್ನಕ್ಕೆ ಸರಿಯಾಗಿರುತ್ತದೆ. ಮಾವನವರಿಗೆ ಬಿಸಿ ಮಾಡಬೇಕಾದ್ದು ಏನಾದರೂ ಇದ್ದರೆ ಬೇಬಿ ಕೇರ್ ಸೆಂಟರ್‌ನಲ್ಲಿ ಮೈಕ್ರೋವೇವ್ ಇದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಅದು ಕ್ರಿಸ್ಟಲ್ ಪ್ಯಾಲೆಸ್ ಪಕ್ಕ. ಮಗ ತನ್ನ ಡಬ್ಬಿಯಿಂದ ತಿನ್ನಲಿ, ನೀವು ಬೇಕಾದ್ದು ಕೊಂಡು ತಿನ್ನಿ. ಯಾರೂ ಏನೂ ಅನ್ನುವುದಿಲ್ಲ. ಕುಡಿಯುವ ತಣ್ಣೀರು ಕೌಂಟರ್‌ನಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ, ದುಡ್ಡಿಲ್ಲ.

ರಾಲಿ ಅಪ್ಪ:

ಟ್ಯಾಂಪಾ ಅಕ್ಕ ಎಲ್ಲ ಹೇಳಿಬಿಟ್ಟಿದ್ದಾರೆ. ನನ್ನ ಕಡೆಯಿಂದ ಎಪ್‌ಕಾಟ್ ಮತ್ತು ಅನಿಮಲ್ ಕಿಂಗ್‌ಡಮ್. ನನ್ನ ಮಗನಿಗೆ 9, ಬೊಂಬೆ ವೇಷದವರು ಮೇಜಿನ ಹತ್ತಿರ ಬಂದರೆ ಸಾಕು, ಓಡುತ್ತಾನೆ. ಹಾಗಾಗಿ ವೇಷದವರು ಬರುವ ಊಟಗಳನ್ನು ನಾವು ಪಟ್ಟಿಯಿಂದಲೇ ತೆಗೆದಿದ್ದೇವೆ. ಎಪ್‌ಕಾಟ್‌ನ ಗಾರ್ಡನ್ ಗ್ರಿಲ್, ಅನಿಮಲ್ ಕಿಂಗ್‌ಡಮ್‌ನ ಟಸ್ಕರ್ ಹೌಸ್ ಅಂಥವು.

ಎಪ್‌ಕಾಟ್‌ನ ಒಂದು ಭಾಗದಲ್ಲಿ ಬೇರೆ ಬೇರೆ ದೇಶಗಳ ವಿಭಾಗಗಳಿವೆ. ಅಲ್ಲಿನ ಜಪಾನ್ ವಿಭಾಗದಲ್ಲಿ ಮೆಟ್ಟಿಲು ಹತ್ತಿ ಹೋದರೆ ಕತ್ಸುರಾ ಗ್ರಿಲ್ ಸಿಗುತ್ತದೆ. ಹೊರಗೆ ತೋಟ, ನೀರು ಹರಿಯುವ ಸದ್ದು, ಕೊಳದಲ್ಲಿ ಬಣ್ಣದ ಕೊಯಿ ಮೀನು. ನನ್ನ ಮಗ ಇಡೀ ಪಾರ್ಕ್‌ನಲ್ಲಿ ನೆಮ್ಮದಿಯಾಗಿ ಕೂರುವ ಜಾಗ ಇದೇ. ಒಂದೇ ಎಚ್ಚರ: ಕೆಳಗೆ ದೊಡ್ಡ ಡೋಲು ಬಾರಿಸುವ ಪ್ರದರ್ಶನ ಇರುತ್ತದೆ, ಸದ್ದು ಎದೆಗೇ ಬಡಿಯುತ್ತದೆ. ಅದರ ವೇಳೆ ಡಿಸ್ನಿ ಆ್ಯಪ್‌ನಲ್ಲಿ ನೋಡಿಕೊಂಡು ಹೋಗಿ. ದೇಶಗಳ ಆ ಭಾಗ ತೆರೆಯುವುದೇ 11ಕ್ಕೆ. ತೆರೆದ ಕೂಡಲೇ ಜಪಾನ್‌ವರೆಗೆ ನಡೆದುಬಿಡಿ, ಉಳಿದವರು ದಾರಿಯಲ್ಲೇ ಅಲ್ಲಲ್ಲಿ ನಿಲ್ಲುತ್ತಾ ಬರುತ್ತಾರೆ.

ಜರ್ಮನಿಯ ಬೀಯರ್‌ಗಾರ್ಟನ್‌ನಲ್ಲಿ ಬ್ಯಾಂಡ್ ಇರುತ್ತದೆ, ಉದ್ದ ಮೇಜಿನಲ್ಲಿ ಬೇರೆ ಕುಟುಂಬದವರ ಜೊತೆ ಕೂರಬೇಕಾಗಬಹುದು. ಬೇಡ. ಲ್ಯಾಂಡ್ ಕಟ್ಟಡದ ಸನ್‌ಶೈನ್ ಸೀಸನ್ಸ್‌ನಲ್ಲಿ ಸಸ್ಯಾಹಾರಕ್ಕೆ ಏನಾದರೂ ಸಿಗುತ್ತದೆ, ಆದರೆ ಎತ್ತರದ ಚಾವಣಿ, ಎಲ್ಲ ಸದ್ದೂ ಮಾರ್ದನಿಸುತ್ತದೆ. ಹೋಗುವುದಾದರೆ ತೆರೆದ ಕೂಡಲೇ ಹೋಗಿ, ಅಲ್ಲೇ ಪಕ್ಕದಲ್ಲಿ ದೋಣಿಯಲ್ಲಿ ಕೂತು ತರಕಾರಿ ತೋಟ ನೋಡುವ ರೈಡ್ ಇದೆ, ನಿಮ್ಮ ಮಗನಿಗೆ ಖಂಡಿತ ಇಷ್ಟ ಆಗುತ್ತದೆ. ಮೆಕ್ಸಿಕೊದ ಸ್ಯಾನ್ ಏಂಜೆಲ್ ಇನ್ ಒಳಗೆ ಹಗಲಲ್ಲೂ ರಾತ್ರಿಯ ಕತ್ತಲು. ಬೆಳಕಿಗೆ ಕಷ್ಟಪಡುವ ಮಕ್ಕಳಿಗೆ ಒಳ್ಳೆಯದು, ಕತ್ತಲಿಗೆ ಹೆದರುವವರಿಗೆ ಅಲ್ಲ. ಮೇಜಿನಿಂದ ದೋಣಿಗಳು ಸಾಗುವುದು ಕಾಣುತ್ತದೆ.

ಅನಿಮಲ್ ಕಿಂಗ್‌ಡಮ್‌ನಲ್ಲಿ ಬಾಗಿಲ ಹತ್ತಿರದ ರೇನ್‌ಫಾರೆಸ್ಟ್ ಕೆಫೆ ಬೇಡ, ಆಗಾಗ ಗುಡುಗು ಮಿಂಚು ಬರಿಸುತ್ತಾರೆ. ಫ್ಲೇಮ್ ಟ್ರೀ ಬಾರ್ಬೆಕ್ಯೂನಲ್ಲಿ ಮಾಂಸವೇ ಹೆಚ್ಚು, ಆದರೆ ಅದರ ಹಿಂದೆ ನೀರಿನವರೆಗೆ ಇಳಿಯುತ್ತಾ ನೆರಳಿನ ಮಂಟಪಗಳಿವೆ. ಕೊನೆಯ ಮಂಟಪದವರೆಗೆ ಹೆಚ್ಚು ಜನ ಇಳಿಯುವುದಿಲ್ಲ. ನಾವು ಅಲ್ಲಿ ಡಬ್ಬಿ ಬಿಚ್ಚುತ್ತೇವೆ. ಹಕ್ಕಿಗಳು ಹತ್ತಿರ ಬರುತ್ತವೆ, ಅದಕ್ಕೆ ಮಗನನ್ನು ತಯಾರು ಮಾಡಿರಿ.

ಅತ್ತೆ ಮಾವನಿಗೆ ಒಂದು ಒಳ್ಳೆಯ ಊಟ ಹಾಕಿಸಬೇಕು ಅಂದರೆ ಸನಾ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್‌ನಲ್ಲಿದೆ, ಪಾರ್ಕ್‌ನಿಂದ ಬಸ್ ಇದೆ. ನಾನ್, ಕುಲ್ಚಾ ಥರದ ರೊಟ್ಟಿಗಳು, ಜೊತೆಗೆ ರಾಯಿತ, ಚಟ್ನಿ ಸೇರಿ 9 ಬಗೆ ನೆಂಚಿಕೊಳ್ಳಲು ಕೊಡುತ್ತಾರೆ. ಯಾವುದರಲ್ಲಿ ಮೊಟ್ಟೆ ಇದೆ ಅಂತ ಕೇಳಿಕೊಳ್ಳಿ. ದೊಡ್ಡ ಕಿಟಕಿ, ಹೊರಗೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಮಧ್ಯಾಹ್ನ ಹೋಗಿ, ಕತ್ತಲಾದರೆ ಪ್ರಾಣಿ ಕಾಣುವುದಿಲ್ಲ.

ಬಡಿಸುವ ಜಾಗಗಳಲ್ಲಿ ಮೇಜಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಡಿಸ್ನಿ ಹೋಟೆಲ್‌ನಲ್ಲಿ ಉಳಿದರೆ ನಿಮ್ಮ ದಿನಗಳನ್ನೆಲ್ಲ ಒಟ್ಟಿಗೆ ಬುಕ್ ಮಾಡಬಹುದು, 10 ದಿನದವರೆಗೆ. ಮಗನ ಮನಸ್ಸು ಆ ದಿನ ಸರಿ ಇಲ್ಲದಿದ್ದರೆ 2 ಗಂಟೆ ಮೊದಲು ರದ್ದು ಮಾಡಿ. ಕೌಂಟರ್ ಜಾಗಗಳಿಗೆ ಆ್ಯಪ್‌ನಲ್ಲಿ ಮೊಬೈಲ್ ಆರ್ಡರ್ ಹಾಕಿ. ಒಬ್ಬರು ಹೋಗಿ ತರಲಿ, ಉಳಿದವರು ಮಗನ ಜೊತೆ ಮೂಲೆ ಹಿಡಿದು ಕೂರಲಿ. ಸಾಲಿನಲ್ಲಿ ಕಾಯಲಾರದ ಮಕ್ಕಳಿಗೆ ಡಿಎಎಸ್ ಅಂತ ಸೌಲಭ್ಯ ಇದೆ, ವಿಡಿಯೊ ಕರೆಯಲ್ಲಿ ಮಾತಾಡಿ ಪಡೆಯಬೇಕು. ಅದು ರೈಡ್‌ಗೆ ಮಾತ್ರ, ಊಟದ ಜಾಗಕ್ಕೆ ನಡೆಯುವುದಿಲ್ಲ.

ಹಾಸನದ ಸೊಸೆ, ಶಾರ್ಲೆಟ್:

ಕಣ್ಣು ತುಂಬಿ ಬಂತು, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಾನೊರೈಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಸನಾ ಈಗಲೇ ಗುರುತು ಹಾಕಿಕೊಂಡೆ.

ಇನ್ನೊಂದು ಕೇಳಲಾ? ಊಟದ ಹೊತ್ತಿನಲ್ಲಿ ಟ್ಯಾಬ್ಲೆಟ್ ಇಟ್ಟುಕೊಳ್ಳುವುದು ಅತ್ತೆಗೆ ಇಷ್ಟ ಇಲ್ಲ. ಅವರು ಪ್ರೀತಿಯಿಂದಲೇ ಹೇಳುವುದು, "ಎಲ್ಲರ ಎದುರು ಮಗು ಅದನ್ನೇ ನೋಡ್ಕೊಂಡು ಕೂರಬೇಕಾ" ಅಂತ. ಕಿವಿಗೆ ಹಾಕುವ ಇಯರ್‌ಮಫ್ ನೋಡಿದರೂ ಅವರಿಗೆ ಸಂಕಟ. ಹೇಗೆ ಹೇಳಲಿ?

ಮೈಸೂರು ಟು ಜರ್ಸಿ:

ನಾನು ಸ್ಪೀಚ್ ಥೆರಪಿಸ್ಟ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಈ ಒಂದು ವಿಷಯಕ್ಕೆ ಮಾತ್ರ ಬರೆಯುತ್ತೇನೆ.

ಆ ಟ್ಯಾಬ್ಲೆಟ್ ಅವನ ಬಾಯಿ. ಊಟದ ಮೇಜಿನಲ್ಲಿ ಅದನ್ನು ತೆಗೆದಿಟ್ಟರೆ "ಸಾಕು", "ನೀರು", "ಹೊರಗೆ ಹೋಗೋಣ" ಅನ್ನುವುದಕ್ಕೆ ಅವನ ಹತ್ತಿರ ಕಿರುಚಾಟ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಅತ್ತೆಗೆ ಇದನ್ನು ಮಾತಿನಲ್ಲಿ ವಿವರಿಸುವ ಬದಲು ಅವರ ಕೈಗೇ ಕೊಡಿ. ಹೊರಡುವ ಮೊದಲೇ ಮನೆಯಲ್ಲಿ ಅವರು ಒಂದು ತುತ್ತು ಕೊಟ್ಟು, "ಇನ್ನೂ ಬೇಕಾ" ಅನ್ನುವ ಚಿತ್ರ ತಾವೇ ಒತ್ತಿ ಕೇಳಲಿ. ಮೊಮ್ಮಗ "ಬೇಕು" ಅಂತ ಒತ್ತಿ ಉತ್ತರ ಕೊಟ್ಟರೆ ಅಜ್ಜಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಅದರಲ್ಲಿ ವಿಡಿಯೊ ಕೂಡ ನೋಡುತ್ತಾನೆ ಅಂದರೆ, ಮಾತಿನ ಟ್ಯಾಬ್ಲೆಟ್ ಬೇರೆ, ವಿಡಿಯೊಗೆ ಬೇರೆ ಇಡಿ. ಆಗ ಅತ್ತೆಗೂ ವ್ಯತ್ಯಾಸ ಕಾಣುತ್ತದೆ.

ಇಯರ್‌ಮಫ್ ಬಗ್ಗೆ: ಹಾಲ್‌ಗೆ ಕಾಲಿಡುವ ಮೊದಲೇ ಹಾಕಿ. ಕಿವಿ ಮುಚ್ಚಿಕೊಂಡ ಮೇಲೆ ಹಾಕಿದರೆ ತಡವಾಯಿತು. ಕೈ ಒಣಗಿಸುವ ಯಂತ್ರ ಇರುವ ಶೌಚಾಲಯದಲ್ಲೂ ಹಾಕಿ. ಊಟಕ್ಕೆ ಮುಂಚೆ ಕೈ ತೊಳೆಯಲು ಹೋಗಿ ಆ ಸದ್ದಿಗೆ ಬೆದರಿದ ಮಗು ಆಮೇಲೆ ಎಷ್ಟು ಶಾಂತವಾದ ಮೂಲೆಯಲ್ಲಿ ಕೂರಿಸಿದರೂ ಊಟ ಮಾಡುವುದಿಲ್ಲ. ಒದ್ದೆ ಟಿಶ್ಯೂ ಒಯ್ಯಿರಿ, ಕೂತಲ್ಲೇ ಕೈ ಒರೆಸಿ.

ಕೊಲಂಬಿಯಾ ಮಹಡಿ, ಆ ಜಪಾನ್ ತೋಟ, ಇವುಗಳ ಫೋಟೊ ಹುಡುಕಿ ಅವನ ಟ್ಯಾಬ್ಲೆಟ್‌ಗೆ ಈಗಲೇ ಹಾಕಿ. ದಿನಾ ತೋರಿಸಿ. ಇಲ್ಲಿ ಊಟ, ಆಮೇಲೆ ರೈಲು. ಅಲ್ಲಿಗೆ ಹೋದಾಗ ಜಾಗ ಅವನಿಗೆ ಪರಿಚಯ ಇರುತ್ತದೆ.

ಟ್ಯಾಂಪಾ ಅಮ್ಮ:

ಮೈಸೂರಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅಮ್ಮ ಊರಿಂದ ಬಂದಾಗಲೂ ಹೀಗೇ ಆಯಿತು. ಈಗ ಮಗಳ ಇಯರ್‌ಮಫ್ ಮರೆತರೆ ನನಗಿಂತ ಮೊದಲು ನೆನಪಿಸುವವರು ಅವರೇ.

ಒಂದು ಸಣ್ಣ ಮಾತು ಬಿಟ್ಟುಹೋಗಿತ್ತು. ಬಡಿಸುವ ಜಾಗಗಳಲ್ಲಿ ಊಟ ಮೇಜಿಗೆ ಬಂದ ಕೂಡಲೇ ಬಿಲ್ ತರಿಸಿ ದುಡ್ಡು ಕೊಟ್ಟುಬಿಡಿ. ಮಗ ಏಳೋಣ ಅಂದ ಕ್ಷಣ ನೀವಿಬ್ಬರಲ್ಲಿ ಒಬ್ಬರು ಅವನ ಜೊತೆ ಹೊರಡಬಹುದು, ಅತ್ತೆ ಮಾವ ಕೂತು ಊಟ ಮುಗಿಸಲಿ. ಯಾರು ಹೊರಡುವುದು ಅಂತ ಬೆಳಿಗ್ಗೆಯೇ ಮಾತಾಡಿಕೊಂಡಿರಿ. ನಾವು ಆ ವಾರ ಅಲ್ಲಿ ಇದ್ದರೆ ತಿಳಿಸುತ್ತೇನೆ, ಹೆಪ್ಪಿಗೆ ಮೊಸರು ಬೇಕಿದ್ದರೆ ತರುತ್ತೇನೆ.