ಸಹಾಯ ಬೇಕು: ವಿನೆಗರ್ ವಾಸನೆ ಹಿಡಿದ 16 ಎಂಎಂ ಕಾರ್ಟೂನ್ ರೀಲ್

ವ್ಯಾನ್ ಬ್ಯೂರೆನ್ ಸ್ಟುಡಿಯೋದ 'ಟಾಮ್ ಅಂಡ್ ಜೆರ್ರಿ' ಪ್ರಿಂಟ್ ಒಂದಿದೆ. ಬೆಕ್ಕು-ಇಲಿ ಅಲ್ಲ, 1931–33ರಲ್ಲಿ ನ್ಯೂಯಾರ್ಕಿನಲ್ಲಿ ತಯಾರಾದ ಉದ್ದ-ಗಿಡ್ಡ ಗೆಳೆಯರ ಜೋಡಿ. ಕಥೆಗಿಂತ ಎಡವಟ್ಟುಗಳೇ ಹೆಚ್ಚು, ಕೈಕಾಲು ರಬ್ಬರಿನಂತೆ ಬಳುಕುತ್ತವೆ. ಇಷ್ಟು ಚೆಂದದ ಚಿತ್ರಗಳನ್ನು ಹುಡುಕುವವರೇ ಕಡಿಮೆ ಅನ್ನುವುದು ಬೇಸರ. ಟೈಟಲ್‌ನಲ್ಲಿ 'ಡಿಕ್ ಅಂಡ್ ಲ್ಯಾರಿ' ಎಂದಿದೆ, ಅಂದರೆ ಅಫಿಷಿಯಲ್ ಫಿಲ್ಮ್ಸ್ ಎಂಬ ಕಂಪನಿ ಹೆಸರು ಬದಲಿಸಿ ಮನೆಬಳಕೆಗೆ ಮಾರಿದ ಪ್ರತಿ.

ಸುಮಾರು 250 ಅಡಿ, ಏಳು ನಿಮಿಷ. ಅಂಚು ಅಲೆಅಲೆಯಾಗಿದೆ. ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ ಕೆಡುತ್ತಾ (ವಿನೆಗರ್ ವಾಸನೆ ಅದರದೇ) ಕುಗ್ಗಿರುವುದರಿಂದ ಪ್ರೊಜೆಕ್ಟರ್‌ಗೆ ಹಾಕಿದರೆ ಹಲ್ಲಿಗೆ ಸಿಕ್ಕಿ ರಂಧ್ರಗಳು ಹರಿಯುತ್ತವೆ. ಸದ್ಯ ಬೇರೆ ರೀಲುಗಳಿಂದ ದೂರ, ಗಾಳಿಯಾಡುವ ಡಬ್ಬಿಯಲ್ಲಿದೆ.

ಬೆಂಗಳೂರಿನ ಸುತ್ತ ಹಲ್ಲುಚಕ್ರವಿಲ್ಲದ, ರೋಲರ್ ಮೇಲೆ ಓಡಿಸುವ ಸ್ಕ್ಯಾನರ್ ಯಾರ ಬಳಿಯಿದೆ? ಆಪ್ಟಿಕಲ್ ಸೌಂಡ್‌ಟ್ರ್ಯಾಕನ್ನೂ (ಫಿಲ್ಮಿನ ಅಂಚಿನಲ್ಲಿ ಅಚ್ಚಾದ ಧ್ವನಿಪಟ್ಟಿ) ಅದು ಓದಬೇಕು. ಇನ್ನೊಂದು: ಫಿಲ್ಮ್ ತಯಾರಾದ ವರ್ಷ ಸೂಚಿಸುವ ಅಂಚಿನ ಕೊಡಾಕ್ ಗುರುತುಗಳು 20 ವರ್ಷಕ್ಕೊಮ್ಮೆ ಮರಳಿ ಬರುತ್ತವಲ್ಲ, ಪ್ರಿಂಟ್ ಯಾವ ಸುತ್ತಿನದು ಎಂದು ಗುರುತಿಸಬಲ್ಲವರು ಹೇಳಿ, ಫೋಟೋ ಕಳಿಸುತ್ತೇನೆ.