ಕಲಬುರಗಿ ಬಿಸಿಲಲ್ಲಿ ಸದ್ದು ಮಾಡದ ಚಿಕ್ಕ ಪಿಸಿ: ವಾಟರ್ ಕೂಲಿಂಗ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕಲಬುರಗಿ, ಸೇಡಂ ರಸ್ತೆ): ನಮಸ್ಕಾರ. ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ತತ್ವಪದ, ವಚನ ಗಾಯನ ರೆಕಾರ್ಡ್ ಮಾಡುತ್ತೇನೆ. ಮೈಕ್ ಇರುವುದೂ ಕಂಪ್ಯೂಟರ್ ಇರುವುದೂ ಒಂದೇ ಕೋಣೆಯಲ್ಲಿ. ಹಳೇ ಪಿಸಿಯ ಫ್ಯಾನ್ ಸದ್ದು ಪ್ರತಿ ಹಾಡಿನಲ್ಲೂ ಕೇಳಿಸುತ್ತದೆ. ಹೊಸದು ಕಟ್ಟಿಸಬೇಕು. ಹಳ್ಳಿಗಳಿಗೂ ಒಯ್ಯಬೇಕು, ಅದಕ್ಕೆ 11 ಲೀಟರ್ ಗಾತ್ರದ ಲಿಯಾನ್ ಲಿ ಎ4-ಎಚ್2ಒ ಕೇಸ್ ನೋಡಿದ್ದೇನೆ. ರೈಝನ್ 9 7900ಎಕ್ಸ್ ಪ್ರೊಸೆಸರ್, 240 ಎಂಎಂ ವಾಟರ್ ಕೂಲರ್. ಗ್ರಾಫಿಕ್ಸ್ ಕಾರ್ಡ್ ಬೇಡ. ನೀರಿನ ಕೂಲಿಂಗ್ ಹಾಕಿದರೆ ಸದ್ದು ಹೋಗುತ್ತದಾ? ಹಾಡುವಾಗ ಕೋಣೆಯ ಫ್ಯಾನ್, ಕೂಲರ್ ಎಲ್ಲ ಬಂದ್ ಇರುತ್ತವೆ. ಮೇ ತಿಂಗಳು ತಡೆಯುತ್ತದಾ?

ಉತ್ತರ (ಹಾರ್ಡ್‌ವೇರ್ ತಂತ್ರಜ್ಞ): ಕೇಸ್ ಆಯ್ಕೆ ಚೆನ್ನಾಗಿದೆ. ಆದರೆ ಪ್ಲಾನ್ ಶುರು ಮಾಡಬೇಕಾದದ್ದು ಕೂಲರಿನಿಂದ ಅಲ್ಲ, ಪ್ರೊಸೆಸರಿನಿಂದ.

ನೀರು ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತದೆ, ಅಷ್ಟೇ. ಅದನ್ನು ಹೊರಗೆ ಹಾಕುವುದು ರೇಡಿಯೇಟರ್ ಮತ್ತು ಅದರ ಫ್ಯಾನು. ಒಳಗಿನ ನೀರು ಕೋಣೆಯ ಗಾಳಿಗಿಂತ ತಣ್ಣಗೆ ಆಗುವುದೇ ಇಲ್ಲ. ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ, ಆರ್‌ಸಿಸಿ ಛಾವಣಿಯ ಮುಚ್ಚಿದ ಕೋಣೆ 38ಕ್ಕೆ ಇಳಿದರೆ ನಿಮ್ಮ ಪುಣ್ಯ. ಅದರ ಮೇಲೆ ನೀರು ಇನ್ನೂ 10–12 ಡಿಗ್ರಿ ಏರುತ್ತದೆ. ಅಂದರೆ 50. ಈ ನೀರನ್ನು ತಿರುಗಿಸುವ ಪಂಪುಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 60. ವಿದೇಶದ ವಿಡಿಯೋಗಳಲ್ಲಿ 22 ಡಿಗ್ರಿ ಕೋಣೆಯಲ್ಲಿ ತೋರಿಸುವ ಅಂಕಿಗಳನ್ನು ನಮ್ಮ ಊರಿಗೆ ಹಾಗೇ ತರಬೇಡಿ.

ಈಗ ಪ್ರೊಸೆಸರ್. 7900ಎಕ್ಸ್ 170 ವ್ಯಾಟ್ ಅಂತ ಕಂಪನಿ ಹೇಳುತ್ತದೆ, ಆದರೆ ಪೂರ್ತಿ ಕೆಲಸಕ್ಕೆ ಇಳಿದಾಗ 230 ವ್ಯಾಟ್‌ವರೆಗೆ ಎಳೆಯುತ್ತದೆ. 95 ಡಿಗ್ರಿ ತಲುಪುವವರೆಗೂ ವೇಗ ಹೆಚ್ಚಿಸುತ್ತಾ ಹೋಗುವಂತೆಯೇ ಅದನ್ನು ಮಾಡಿದ್ದಾರೆ. ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಕರೆಂಟ್ ಎಳೆತ ತಗ್ಗಿಸುವ 65 ವ್ಯಾಟ್ ಇಕೋ ಮೋಡ್ ಹಾಕಿ, 65 ಅನ್ನುವುದು ವರ್ಗದ ಹೆಸರು, ನಿಜವಾದ ಎಳೆತ 88 ವ್ಯಾಟ್‌ಗೆ ನಿಲ್ಲುತ್ತದೆ. ಇಲ್ಲವೇ ಎಕ್ಸ್ ಇಲ್ಲದ 7900 ತೊಗೊಳ್ಳಿ, ಅದು ಮೊದಲಿನಿಂದಲೇ 65 ವ್ಯಾಟ್ ವರ್ಗದ್ದು. ಹಾಡಿನ ಮಿಕ್ಸಿಂಗ್‌ಗೆ 12 ಕೋರ್ ಆಗಲೂ ಧಾರಾಳ. 230 ಎಲ್ಲಿ, 88 ಎಲ್ಲಿ! ಸದ್ದು ಇಳಿಸುವ ದೊಡ್ಡ ಹೆಜ್ಜೆ ಇದೇ. ಇದಕ್ಕೆ ದುಡ್ಡೂ ಬೇಕಿಲ್ಲ.

ಫ್ಯಾನಿನ ಸದ್ದು ವೇಗದ ಜೊತೆ ಬಹಳ ಜೋರಾಗಿ ಏರುತ್ತದೆ. ವೇಗ ಅರ್ಧ ಮಾಡಿದರೆ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 88 ವ್ಯಾಟ್‌ಗೆ 240 ಎಂಎಂ ರೇಡಿಯೇಟರ್ ಮೇಲೆ 800–900 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಸಾಕಾಗಬೇಕು. ಒಳ್ಳೇ 120 ಎಂಎಂ ಫ್ಯಾನು ಆ ವೇಗದಲ್ಲಿ ಬರೀ ಮೆಲ್ಲಗಿನ ಗಾಳಿ ಸದ್ದು ಮಾಡುತ್ತದೆ.

ಇನ್ನು ಪಂಪು. ಇದನ್ನು ಜನ ಮರೆಯುತ್ತಾರೆ, ನಿಮಗೆ ಮಾತ್ರ ಇದೇ ಮುಖ್ಯ. ಫ್ಯಾನಿನ ಸದ್ದು ಹರಡಿದ ಸದ್ದು, ಹಾಡಿನ ಹಿಂದೆ ಅಡಗುತ್ತದೆ. ಪಂಪಿನದು ಒಂದೇ ಸ್ವರದ ಗುಂಯ್ ಅನ್ನುವ ನಾದ. ತಂಬೂರಿ ಶ್ರುತಿಯ ಪಕ್ಕದಲ್ಲಿ ಮೈಕ್ ಅದನ್ನು ಹಿಡಿದೇ ಹಿಡಿಯುತ್ತದೆ. ಪಂಪ್ ವೇಗ ಹೊಂದಿಸಲು ಬರುವ ಕೂಲರನ್ನೇ ಕೊಳ್ಳಿ. 60–70 ಶೇಕಡಾದಲ್ಲಿ ಒಂದೇ ಸಮ ಓಡಲಿ, ಏರಿಳಿತ ಬೇಡ.

ಫ್ಯಾನ್ ವೇಗವನ್ನು ಆದಷ್ಟು ನೀರಿನ ಉಷ್ಣತೆಗೆ ಕಟ್ಟಿ, ಪ್ರೊಸೆಸರ್ ಉಷ್ಣತೆಗಲ್ಲ. ಪ್ರೊಸೆಸರ್ ಕಣ್ಣು ಮಿಟುಕಿಸುವಷ್ಟರಲ್ಲಿ 20 ಡಿಗ್ರಿ ಜಿಗಿಯುತ್ತದೆ, ಅದರ ಹಿಂದೆ ಫ್ಯಾನೂ ಜಿಗಿಯುತ್ತದೆ. ನೀರು ಹಾಗಲ್ಲ. ಕಾಲು ಲೀಟರ್ ನೀರಿಗೆ 100 ವ್ಯಾಟ್ ಶಾಖ ಕೊಟ್ಟರೂ ಒಂದು ಡಿಗ್ರಿ ಏರಲು 10 ಸೆಕೆಂಡು ಬೇಕು. ನೀರಿನ ಸೆನ್ಸರ್ ಇಲ್ಲದ ಕೂಲರಾದರೆ ಬಯೋಸ್‌ನಲ್ಲಿ ಫ್ಯಾನ್ ಏರುವುದಕ್ಕೆ ವಿಳಂಬದ ಸಮಯ ಹಾಕಿಕೊಳ್ಳಿ.

ಕೊಳ್ಳುವ ಮುಂಚೆ ದಪ್ಪ ಅಳೆಯಿರಿ. ಆ ಕೇಸಿನಲ್ಲಿ ರೇಡಿಯೇಟರ್, ಫ್ಯಾನ್ ಸೇರಿ 55 ಎಂಎಂ ಜಾಗ. ಸಾಮಾನ್ಯ ರೇಡಿಯೇಟರ್ 27, ಫ್ಯಾನ್ 25, ಒಟ್ಟು 52. ಕೂರುತ್ತದೆ. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3 ಅನ್ನುವ ವಾಟರ್ ಕೂಲರಿನ ರೇಡಿಯೇಟರೇ 38 ಎಂಎಂ, ಅದು ಕೂರುವುದಿಲ್ಲ. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಚೆನಾಯ್ ಟ್ರೇಡ್ ಸೆಂಟರ್‌ವರೆಗೆ ಹೋಗಿ ತರುವವರು ಇದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ವಾಪಸ್ ಕೊಡಲು 200 ಕಿಲೋಮೀಟರ್ ಮತ್ತೆ ಯಾರು ಹೋಗುತ್ತಾರೆ?

ಬೀದರ್ ಸದಸ್ಯರು: ಬರೀ 88 ವ್ಯಾಟ್ ಅಂದಮೇಲೆ ನೀರು ಯಾಕೆ ಸರ್? ಪ್ರೊಸೆಸರ್ ಮೇಲೆ ಫ್ಯಾನ್ ಇರುವ ಏರ್ ಕೂಲರ್ ಸಾಕಲ್ವಾ?

ಉತ್ತರ: ಕೇಸ್ ದೊಡ್ಡದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 120 ಎಂಎಂ ಫ್ಯಾನಿನ ಟವರ್ ಕೂಲರಿಗೆ ಪಂಪೇ ಇಲ್ಲ, ಮೈಕ್ ಮುಂದೆ ಅದಕ್ಕಿಂತ ಒಳ್ಳೆಯದಿಲ್ಲ. 18 ಲೀಟರಿನ ಕೂಲರ್ ಮಾಸ್ಟರ್ ಎನ್‌ಆರ್200ಪಿ ಕೇಸಿನಲ್ಲಿ ಅಂಥದ್ದು ಕೂರುತ್ತದೆ. ಆದರೆ ಎ4-ಎಚ್2ಒದಲ್ಲಿ ಪ್ರೊಸೆಸರ್ ಮೇಲೆ ಸಿಗುವ ಎತ್ತರ 55 ಎಂಎಂ ಮಾತ್ರ. ಅಲ್ಲಿ ಹಿಡಿಸುವ ಹೆಚ್ಚಿನ ಕೂಲರುಗಳ ಫ್ಯಾನು 92 ಎಂಎಂ, ತೆಳ್ಳಗಿನದು. ನಮ್ಮ ಸೆಖೆಗೆ ಅದು ಕಿರುಚಾಡುತ್ತದೆ. ಇವರು ಚೀಲದಲ್ಲಿ ಒಯ್ಯಬೇಕು ಅಂದಿದ್ದಕ್ಕೆ ನೀರು ಸರಿ ಅಂದೆ. 18 ಲೀಟರ್ ಹೊರಲು ತಯಾರಿದ್ದರೆ ಟವರ್ ಹಾಕಿ, ಮರುಮಾತಿಲ್ಲ.

ಯಾದಗಿರಿ ಸದಸ್ಯರು: ನಾನು ಪೈಪು, ಪಂಪು ಬೇರೆ ಬೇರೆ ತಂದು ಕಸ್ಟಮ್ ಲೂಪ್ ಮಾಡಬೇಕೆಂದಿದ್ದೇನೆ. ಮನೆಯ ಆರ್‌ಒ ನೀರು ನಡೆಯುತ್ತದಾ?

ಉತ್ತರ: ಬೇಡ. ನಮ್ಮ ಭಾಗದ ಬಹಳ ಬೋರ್ ನೀರು ಗಡಸು, ಕೊಡದ ಒಳಗೆ ಬಿಳಿ ಪದರ ನೀವೇ ನೋಡಿರುತ್ತೀರಿ. ಆರ್‌ಒ ಆದಮೇಲೂ ಸ್ವಲ್ಪ ಲವಣ ಉಳಿಯುತ್ತದೆ. ರೆಡಿಮೇಡ್ ಕೂಲಂಟ್ ಹಾಕಿ. ಇಲ್ಲದಿದ್ದರೆ ನಿಜವಾದ ಡಿಸ್ಟಿಲ್ಡ್ ವಾಟರಿಗೆ ಪಾಚಿ ತಡೆಯುವ ಮದ್ದು, ತುಕ್ಕು ತಡೆಯುವ ಮದ್ದು ಸೇರಿಸಿ. ಪ್ರೊಸೆಸರ್ ಮೇಲೆ ಕೂರುವ ತಾಮ್ರದ ಬ್ಲಾಕ್ ಜೊತೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಲೇಬೇಡಿ, ಅಲ್ಯುಮಿನಿಯಂ ಕೊರೆದು ಹೋಗುತ್ತದೆ. ಮೊದಲ ಸಲ ನೀರು ತುಂಬಿದಾಗ ಪಂಪಿಗೆ ಮಾತ್ರ ಕರೆಂಟ್ ಕೊಟ್ಟು, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಟ್ಟು ಒಂದು ರಾತ್ರಿ ಓಡಿಸಿ.

ಪ್ರಶ್ನೆ ಕೇಳಿದವರು: ಬಹಳ ಉಪಕಾರ ಆಯಿತು. ಇಕೋ ಮೋಡ್ ವಿಷಯ ಗೊತ್ತೇ ಇರಲಿಲ್ಲ. ಇನ್ನೆರಡು. ಹಾಡುವ ಮುಂಚೆ ಕೋಣೆಗೆ ಡೆಸರ್ಟ್ ಕೂಲರ್ ಹಾಕಬಹುದಾ, ಪಿಸಿಯೊಳಗೆ ತೇವ ಕೂರುತ್ತದಾ? ಮತ್ತೆ, ಪಿಸಿ ಎಲ್ಲಿಡಬೇಕು? ನೆಲ ಶಹಾಬಾದ್ ಕಲ್ಲು. ಪಕ್ಕದ ಓಣಿಯಲ್ಲಿ ತೊಗರಿ ಬೇಳೆ ಮಿಲ್ ಇದೆ, ಧೂಳು ಜಾಸ್ತಿ.

ಉತ್ತರ: ಧಾರಾಳವಾಗಿ ಹಾಕಿ. ಏಪ್ರಿಲ್, ಮೇನ ಒಣ ಗಾಳಿಗೆ ಡೆಸರ್ಟ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೋಣೆ 5 ಡಿಗ್ರಿ ಇಳಿದರೆ ಪಿಸಿಯ ನೀರೂ ಅಷ್ಟೇ ಇಳಿಯುತ್ತದೆ. ರೇಡಿಯೇಟರ್ ಗಾಳಿಗಿಂತ ಬಿಸಿ ಇರುವುದರಿಂದ ಅದರ ಮೇಲೆ ಹನಿ ಕಟ್ಟುವುದಿಲ್ಲ. ಆದರೆ ಕೂಲರಿನ ಬಾಯಿ ನೇರ ಪಿಸಿ ಕಡೆ ತಿರುಗಿಸಬೇಡಿ, ಗಡಸು ನೀರಿನ ತುಂತುರು ಬಿದ್ದರೆ ಬೋರ್ಡ್ ಮೇಲೆ ಉಪ್ಪು ಕೂರುತ್ತದೆ.

ಬೇಳೆ ಮಿಲ್ಲಿನ ಧೂಳು ರೇಡಿಯೇಟರ್ ಎಸಳುಗಳ ನಡುವೆ ಸಿಕ್ಕರೆ ಗಾಳಿ ಕಟ್ಟುತ್ತದೆ, ಫ್ಯಾನು ಜೋರಾಗುತ್ತದೆ. ತಿಂಗಳಿಗೊಮ್ಮೆ ಮೆತ್ತಗಿನ ಬ್ರಷ್ ಆಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆ ಬೆರಳಲ್ಲಿ ತಡೆದು ಹಿಡಿಯಿರಿ, ಬೇರಿಂಗ್ ಉಳಿಯುತ್ತದೆ.

ಕಲ್ಲಿನ ನೆಲದ ಮೇಲೆ ನೇರ ಇಡಬೇಡಿ, ಧೂಳು ಮೊದಲು ಸೇರುವುದೇ ಅಲ್ಲಿ. ಮೇಜಿನ ಮೇಲೆ ಅಡಿಗೆ ದಪ್ಪ ಫೆಲ್ಟ್ ಹಾಕಿ ನೆಟ್ಟಗೆ ಇಡಿ. ಈ ಕೇಸಿನಲ್ಲಿ ರೇಡಿಯೇಟರ್ ತಲೆಯ ಮೇಲಿದೆ, ಬಿಸಿ ಗಾಳಿ ಹೋಗಲು ಮೇಲೆ ಒಂದು ಗೇಣು ಖಾಲಿ ಬಿಡಿ. ರೇಡಿಯೇಟರ್ ಮೇಲೆ, ಪಂಪು ಕೆಳಗೆ ಇರುವುದರಿಂದ ಗಾಳಿಗುಳ್ಳೆ ಪಂಪಿಗೆ ಸಿಗುವುದಿಲ್ಲ. ಬಸ್ಸಿನಲ್ಲಿ ಒಯ್ದ ಮೇಲೆ ಸ್ವಲ್ಪ ಹೊತ್ತು ಗುಳುಗುಳು ಅಂದರೆ ಹೆದರಬೇಡಿ, ಗುಳ್ಳೆ ಮೇಲೇರಿದಂತೆ ನಿಲ್ಲುತ್ತದೆ. ಗೋಡೆಗೆ ಎರಡು ಕೌದಿ ತೂಗುಹಾಕಿದರೆ ಉಳಿದ ಸದ್ದು ತಿರುಗಿ ಮೈಕಿಗೆ ಬಡಿಯುವುದೂ ತಗ್ಗುತ್ತದೆ.

ಎಲ್ಲ ಕಟ್ಟಿದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಹಾಕಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಅರ್ಧ ಗಂಟೆ ಓಡಿಸಿ. ನೀರಿನ ಉಷ್ಣತೆ ಒಂದು ಮಟ್ಟಕ್ಕೆ ಬಂದು ನಿಲ್ಲಲು ಅಷ್ಟು ಹೊತ್ತು ಬೇಕು. 55 ಡಿಗ್ರಿ ದಾಟಿದರೆ ಫ್ಯಾನು 100 ಆರ್‌ಪಿಎಂ ಏರಿಸಿ ಮತ್ತೆ ನೋಡಿ. ಆ ಅಂಕಿಗಳನ್ನು ಇಲ್ಲೇ ಹಾಕಿ, ಫ್ಯಾನ್ ಕರ್ವ್ (ಯಾವ ಉಷ್ಣತೆಗೆ ಎಷ್ಟು ವೇಗ ಅನ್ನುವ ಸೆಟ್ಟಿಂಗ್) ಒಟ್ಟಿಗೆ ಕೂತು ಸರಿ ಮಾಡೋಣ.