ಸಮಸ್ಯೆ: "ರೆಕ್ಕೆಯೆ ಕೊರಲಾಯ್ತು ಪಕ್ಕಿಗುಲಿಯಲ್ ಬನದೊಳ್"

ಸೂತ್ರಧಾರ: ಈ ವಾರದ ಸಮಸ್ಯೆ, ಅಂದರೆ ಕಾಡಿನಲ್ಲಿ ಹಕ್ಕಿಗೆ ಉಲಿಯಲು ರೆಕ್ಕೆಯೇ ಕೊರಳಾಯಿತೆಂಬ ಈ ಸಾಲು, ಕಂದವೆಂಬ ನಾಲ್ಕು ಪಾದಗಳ ಪದ್ಯದ ಕೊನೆಯ ಪಾದ; ಇದಕ್ಕೆ ಅರ್ಥ ಹೊಂದುವಂತೆ ಮೊದಲ ಮೂರು ಪಾದಗಳನ್ನು ರಚಿಸುವುದೇ ಪೂರಣ. ಗರುಡನ ರೆಕ್ಕೆಗಳೇ ಬೃಹತ್ ಮತ್ತು ರಥಂತರ ಎಂಬ ಸಾಮವೇದದ ಗಾನಗಳೆಂಬ ಪರಿಹಾರ ಎಲ್ಲರಿಗೂ ಮೊದಲಿಗೇ ಹೊಳೆಯುವಂಥದ್ದಾದ್ದರಿಂದ ಅದನ್ನು ಬದಿಗಿಟ್ಟು, ನಿಜವಾಗಿ ಇರುವ ಹಕ್ಕಿಯಿಂದಲೇ ಪೂರಣ ಮಾಡಬೇಕೆಂದು ಕೋರುತ್ತೇನೆ.

ಚಕೋರ: ಕೊಲಂಬಿಯಾ ಮತ್ತು ಈಕ್ವೆಡಾರ್‌ಗಳಲ್ಲಿ, ಆಂಡೀಸ್ ಪರ್ವತದ ಪಶ್ಚಿಮದ ಇಳಿಜಾರಿನ ತೇವದ ಕಾಡಿನಲ್ಲಿ ಇರುವ ಕ್ಲಬ್-ವಿಂಗ್ಡ್ ಮನಾಕಿನ್ ಎಂಬ ಪುಟ್ಟ ಹಕ್ಕಿಯನ್ನು ನೆನೆದು:

ಪೊಕ್ಕಡಗಿ ಪೊದರೊಳಗಿನಿಯ-
ಳಕ್ಕರೆಯಂ ಪಡೆಯಲೆಂದು ಪುಕ್ಕದ ತುದಿಯಂ
ಪುಕ್ಕದೊಳುಜ್ಜುತೆ ಮಿಡಿದೊಡೆ
ರೆಕ್ಕೆಯೆ ಕೊರಲಾಯ್ತು ಪಕ್ಕಿಗುಲಿಯಲ್ ಬನದೊಳ್

ಗಂಡು ತನ್ನ ರೆಕ್ಕೆಗಳನ್ನು ಬೆನ್ನ ಮೇಲೆತ್ತಿ ಒಂದಕ್ಕೊಂದು ಬಡಿಯುವಾಗ ಒಂದು ಗರಿಯ ಬಾಗಿದ ತುದಿಯು ಪಕ್ಕದ ಗರಿಯ ದಪ್ಪ ದಂಟಿನ ಮೇಲಿರುವ ಏಣುಗಳನ್ನು ಗೀರುತ್ತದೆ. ಬಡಿತ ಸೆಕೆಂಡಿಗೆ ಸುಮಾರು 107 ಸಲ. ಹೊರಡುವ ನಾದ ಸುಮಾರು 1500 ಹರ್ಟ್ಸ್. ಪಕ್ಷಿವಿಜ್ಞಾನಿಗಳಾದ ಬಾಸ್ಟ್‌ವಿಕ್ ಮತ್ತು ಪ್ರಮ್ ಇದನ್ನು 2005ರಲ್ಲಿ ವಿವರಿಸಿದರು.

ಸೂತ್ರಧಾರ: ಚೆನ್ನಾಗಿದೆ.

ಮುಕ್ತಕ: ಅದೇ ಹಕ್ಕಿ, ಕೇಳುಗನ ಕಡೆಯಿಂದ:

ಸಿಕ್ಕದದು ಪೊದರ್ಗಳೆಡೆಯೊಳ್
ದಿಕ್ಕಱಿಯದೆ ಕೀಟಮೆಂದು ತಿರುಗಿದೆನಲ್ತೇ
ನಕ್ಕೆನದಂ ಕಂಡ ಬಳಿಕ
ರೆಕ್ಕೆಯೆ ಕೊರಲಾಯ್ತು ಪಕ್ಕಿಗುಲಿಯಲ್ ಬನದೊಳ್

ಯತಿಭಂಗ: ಮುಕ್ತಕರೇ, ಕಲ್ಪನೆ ಸೊಗಸಾಗಿದೆ, ಆದರೆ ಮೊದಲ ಪಾದದ ಎರಡನೆಯ ಗಣದಲ್ಲಿ ನಾಲ್ಕರ ಬದಲು ನನ್ನ ಬೆರಳಿಗೆ ಐದು ಮಾತ್ರೆ ಸಿಗುತ್ತಿವೆ. ಆ ಹಕ್ಕಿ ಚಿಟಿಕೆಯಂಥ ಸದ್ದು ಮಾಡಿದ ಮೇಲಷ್ಟೇ ನಾದವನ್ನು ಎಳೆಯುತ್ತದೆ. ತಾವು ಚಿಟಿಕೆ ಹಾಕಬೇಕಾದಲ್ಲೇ ಎಳೆದುಬಿಟ್ಟಿದ್ದೀರಿ.

ಮುಕ್ತಕ: 'ಪೊದರ್ಗಳ್' ಎಂಬಲ್ಲಿ ಶಿಥಿಲದ್ವಿತ್ವವಿದೆ; ಒತ್ತಕ್ಷರವನ್ನು ತೇಲಿಸಿ ನುಡಿಯುವುದರಿಂದ ಅದರ ಹಿಂದಿನ ಅಕ್ಷರ ಒಂದೇ ಮಾತ್ರೆಯಾಗಿ ಉಳಿಯುತ್ತದೆ. ಶಬ್ದಮಣಿದರ್ಪಣದಲ್ಲಿ ವೈಯಾಕರಣ ಕೇಶಿರಾಜನು ಒಪ್ಪಿದ್ದನ್ನು ತಾವೂ ಒಪ್ಪಬಹುದೆಂದು ಭಾವಿಸಿದ್ದೆ.

ಯತಿಭಂಗ: ಕೇಶಿರಾಜನು ಶಿಥಿಲವನ್ನು ಉಚ್ಚಾರಣೆ ತೇಲುವ ಕಡೆಗೆ ಹೇಳಿದನೇ ಹೊರತು ಮಾತ್ರೆ ಮಿಕ್ಕಿದಾಗ ನೆನೆಯಲೆಂದು ಹೇಳಲಿಲ್ಲ. ಇದೇ ಪಾದವನ್ನು "ಸಿಕ್ಕದದು ಪೊದರ ನಡುವಿನ" ಎಂದರೆ ಯಾರ ಅಪ್ಪಣೆಯೂ ಬೇಕಾಗುವುದಿಲ್ಲ, ಮುಂದಿನ 'ದಿಕ್ಕಿ'ಗೂ ಅನ್ವಯವಾಗುತ್ತದೆ.

ಮುಕ್ತಕ: ಹಿಂದೊಮ್ಮೆ ನನ್ನ ಪದ್ಯದಲ್ಲಿ ವಿಸಂಧಿಯನ್ನು (ಸಂಧಿ ಮಾಡದೆ ಬಿಟ್ಟ ದೋಷವನ್ನು) ಹುಡುಕಿ ತೆಗೆದವರೂ ತಾವೇ, ಆಮೇಲೆ ತಮ್ಮ ಪದ್ಯದಲ್ಲಿ ಅದನ್ನು 'ಸೌಕರ್ಯ' ಎಂದು ಕರೆದವರೂ ತಾವೇ. ಸದ್ದು ಯಾವ ಪೊದೆಯದೆಂದು ತಿಳಿಯದೆ ಹತ್ತಾರು ಪೊದೆಗಳ ನಡುವೆ ಅಲೆಯುವುದೇ ನನ್ನ ಪದ್ಯದ ಜೀವವಾಗಿರುವಾಗ, ತಮ್ಮ ಏಕವಚನದ ಪೊದೆಯಲ್ಲಿ ನನ್ನ ಕೇಳುಗನಿಗೆ ಅಲೆಯಲು ಜಾಗವೆಲ್ಲಿದೆ?

ಬಿಂದುಮಾಲಿನಿ: ತಾವಿಬ್ಬರೂ ಬಿಡುವು ಮಾಡಿಕೊಂಡರೆ ನನ್ನದೂ ಒಂದಿದೆ. ಹಾರುವ ಹಕ್ಕಿಗಳ ರೆಕ್ಕೆಯ ಅಲ್ನಾ ಎಂಬ ಮುಂಗೈ ಎಲುಬು ಸಾಮಾನ್ಯವಾಗಿ ಟೊಳ್ಳಾಗಿರುತ್ತದೆ. ಈ ಹಕ್ಕಿಯದು ದಪ್ಪವೂ ಗಟ್ಟಿಯೂ ಆಗಿರುವುದು 2012ರಲ್ಲಿ ಪ್ರಕಟವಾಯಿತು.

ಉಕ್ಕಿನವೊಲ್ ಗಟ್ಟಿಯೆಲುವು
ತಕ್ಕುದೆ ಪಾಱಲ್ಕೆನುತ್ತೆ ನಗದಿರ್ ಗೆಳೆಯಾ
ಲೆಕ್ಕಿಸದೆ ಪೊಱೆಯನದಱಿಂ
ರೆಕ್ಕೆಯೆ ಕೊರಲಾಯ್ತು ಪಕ್ಕಿಗುಲಿಯಲ್ ಬನದೊಳ್

ಸೂತ್ರಧಾರ: ಬಹಳ ಚೆನ್ನಾಗಿದೆ, ಅಮ್ಮ.

ಯತಿಭಂಗ: ಒಪ್ಪಿದೆ. ಮುಕ್ತಕರ 'ಕೀಟ'ದ ಬಗೆಗೂ ನನಗೊಂದು ಸಂಶಯವಿದೆ. ಹಕ್ಕಿಯ ದನಿಯನ್ನು ಕೀಟದ್ದೆಂದು ಭ್ರಮಿಸುವುದು ಪ್ರಾಸ ಸಿಗದವರ ಉಪಾಯವಲ್ಲವೇ?

ಚಕೋರ: ಪ್ರಾಸಸ್ಥಾನದಲ್ಲಿ ಇಲ್ಲದ ಪದದ ಮೇಲೆ ಪ್ರಾಸದ ಆರೋಪ ಹೊರಿಸುವುದು ತಮ್ಮಂಥವರಿಗೆ ತರವಲ್ಲ. ಅರ್ಥದಲ್ಲಿಯೂ ದೋಷವಿಲ್ಲ: ಚಿಮ್ಮಂಡೆ (ಕ್ರಿಕೆಟ್ ಎಂಬ ಕೀಟ) ರೆಕ್ಕೆಗೆ ರೆಕ್ಕೆ ತೀಡಿ ಸದ್ದು ಮಾಡುವ ಕ್ರಮವನ್ನೇ ಈ ಹಕ್ಕಿ ಗರಿಗಳಿಂದ ಸಾಧಿಸಿದೆ. ಡಾರ್ವಿನ್ 1871ರಲ್ಲಿಯೇ ಈ ಗರಿಗಳ ವಿಚಿತ್ರ ಆಕಾರವನ್ನು ಪ್ರಸ್ತಾಪಿಸಿದ್ದನು. ಅವು ನುಡಿಯುವ ಬಗೆ ತಿಳಿಯಲು ವೇಗದ ಕ್ಯಾಮೆರಾ ಬರಬೇಕಾಯಿತು.

ಯತಿಭಂಗ: ಅರ್ಥ ನಿಲ್ಲುತ್ತದೆಂದು ಗಣ ನಿಲ್ಲುವುದಿಲ್ಲ.

ಸೂತ್ರಧಾರ: ಶಿಥಿಲದ ವಾದ ಇಲ್ಲಿಗೆ ಸಾಕು. ಯತಿಭಂಗರು ಇಷ್ಟು ಹೊತ್ತು ಪರರ ಪದ್ಯದಲ್ಲಿಯೇ ಇದ್ದಾರೆ; ಅವರ ಪೂರಣ ಇನ್ನೂ ಬಂದಿಲ್ಲ.

ಯತಿಭಂಗ: ನಾಳೆ ಬರುತ್ತದೆ, ಅದರಲ್ಲಿ ಒಂದು ಶಿಥಿಲವೂ ಇರುವುದಿಲ್ಲ.

ಮುಕ್ತಕ: ಕಾದಿರುತ್ತೇನೆ. ತಮ್ಮ ಹೆಸರಿನಲ್ಲಿರುವ ದೋಷವೂ, ಅಂದರೆ ನಿಲುಗಡೆ ತಪ್ಪುವ ಯತಿಭಂಗವೂ, ಪದ್ಯದಲ್ಲಿ ಇಲ್ಲದಿರಲಿ.